ಮೌಮಿ ಹೊಳೆಯ ವಾಲೈ ಮೀನು: ಲೈಸೆನ್ಸ್ ದುಡ್ಡಿಗೆ ಸಿಗುವುದೇನು?

ಅಮೆರಿಕದ ಒಹಾಯೋ ರಾಜ್ಯದ ಮೀನುಗಾರಿಕೆ ಲೈಸೆನ್ಸನ್ನು ದುಡ್ಡು ಕೊಟ್ಟು ಪಡೆಯುವ ಒಂದು ಸೇವೆ ಎಂದುಕೊಂಡರೆ, ಅದರಲ್ಲಿ ಅತಿ ಬೆಲೆಬಾಳುವ ಭಾಗ ಮಾರ್ಚ್–ಏಪ್ರಿಲ್‌ನ ಆರೇಳು ವಾರ. ಈರಿ ಸರೋವರದ ವಾಲೈ ಮೀನು ಮೊಟ್ಟೆಯಿಡಲು ಟೊಲೀಡೊ ಊರಿನ ಮಗ್ಗುಲಲ್ಲಿ ಹರಿಯುವ ಮೌಮಿ ಹೊಳೆಗೆ ಹತ್ತುವ ಹೊತ್ತು ಅದು. ಮಲೆನಾಡಿನ ಹತ್ಮೀನಿನ ಹಾಗೆಯೇ, ಆದರೆ ಮಳೆಗಾಲದ ಹೊಸ ನೀರಿಗಲ್ಲ, ಹಿಮ ಕರಗಿದ ತಣ್ಣೀರಿಗೆ. ಡೆಟ್ರಾಯಿಟ್, ಆನ್ ಆರ್ಬರ್, ಕ್ಲೀವ್‌ಲೆಂಡ್, ಕೊಲಂಬಸ್ ಕಡೆಯ ಕನ್ನಡಿಗರಿಗೆ ಹೆಚ್ಚೆಂದರೆ ಎರಡೂವರೆ ಗಂಟೆಯ ದಾರಿ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಮೀನಿನ ಸಂತತಿಗೆ ಐದಕ್ಕೆ ನಾಲ್ಕೂವರೆ, ಸರ್ಕಾರ ಕೊಡುವ ಮಾಹಿತಿಗೆ ನಾಲ್ಕು, ಹೊಳೆಗೆ ಮೂರು. ಮೀನು ದಂಡಿಯಾಗಿ ಬಂತೆಂದರೆ ಹೊಳೆಯ ಆರೋಗ್ಯ ಚೆನ್ನಾಗಿದೆ ಎಂದು ಬಹಳ ಜನ ನಂಬುತ್ತಾರೆ. ಆ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ, ಅದಕ್ಕೇ ಹೊಳೆಗೂ ಮೀನಿಗೂ ಬೇರೆ ಬೇರೆ ಅಂಕ.

ಲೈಸೆನ್ಸಿನ ವಿಷಯ ಚಿಕ್ಕದು. ರಾಜ್ಯದವರಿಗೆ ವರ್ಷಕ್ಕೆ 25 ಡಾಲರ್ ಆಸುಪಾಸು, ಹೊರರಾಜ್ಯದವರಿಗೆ ಸುಮಾರು ಅದರ ಎರಡರಷ್ಟು. ಕೊಂಡ ದಿನದಿಂದ 365 ದಿನ ನಡೆಯುತ್ತದೆ. 16 ವರ್ಷದೊಳಗಿನ ಮಕ್ಕಳಿಗೆ ಬೇಡ. ಮಿಷಿಗನ್‌ನಿಂದ ಬರುವವರು ಎಡವುವುದು ಒಂದೇ ಕಡೆ: ಜನವರಿ 1ರಿಂದ ಏಪ್ರಿಲ್ 30ರವರೆಗೆ ಈರಿ ಸರೋವರ ವಲಯದಲ್ಲಿ ಗಾಳ ಹಾಕುವ ಹೊರರಾಜ್ಯದವರಿಗೆ ಪ್ರತ್ಯೇಕ ಪರ್ಮಿಟ್ ಬೇಕು. ಲೈಸೆನ್ಸ್ ಜೊತೆಗೇ ಅದನ್ನೂ ಕೊಂಡರೆ ಗೇಮ್ ವಾರ್ಡನ್ ಬಂದಾಗ ತಲೆಬಿಸಿ ಇರುವುದಿಲ್ಲ.

ಇನ್ನು ಮೀನು. ಇಲ್ಲಿ ಹತ್ತುವ ವಾಲೈ ಹ್ಯಾಚರಿಯಲ್ಲಿ ಸಾಕಿ ಬಿಟ್ಟದ್ದಲ್ಲ, ಪೂರ್ತಿ ಕಾಡುಸಂತತಿ. ಹಾಗಾಗಿ ವರ್ಷದಿಂದ ವರ್ಷಕ್ಕೆ ಏರಿಳಿತ ವಿಪರೀತ. ಮಿಷಿಗನ್, ಒಹಾಯೋ, ಕೆನಡಾದ ಒಂಟಾರಿಯೊ, ಪೆನ್ಸಿಲ್ವೇನಿಯಾ, ನ್ಯೂಯಾರ್ಕ್ ಸೇರಿದ ಈರಿ ಸರೋವರ ಸಮಿತಿ ಪ್ರತಿ ಮಾರ್ಚಿನಲ್ಲಿ ಕೂತು, ಆ ವರ್ಷ ಎಷ್ಟು ವಾಲೈ ಹಿಡಿಯಬಹುದೆಂದು ಒಟ್ಟು ಕೋಟಾ ಕಟ್ಟುತ್ತದೆ. 2010ರಲ್ಲಿ ಅದು 22 ಲಕ್ಷ ಮೀನು. 2022ರಲ್ಲಿ ಸುಮಾರು 1 ಕೋಟಿ 45 ಲಕ್ಷ. ಹನ್ನೆರಡು ವರ್ಷದಲ್ಲಿ ಆರು ಪಟ್ಟಿಗಿಂತ ಹೆಚ್ಚು. ಈ ಕೋಟಾದಲ್ಲಿ ಒಹಾಯೋ ಪಾಲು 51.11%, ಒಂಟಾರಿಯೊ ಪಾಲು 43.06%, ಉಳಿದ 5.83% ಮಿಷಿಗನ್‌ಗೆ; ಪೆನ್ಸಿಲ್ವೇನಿಯಾ, ನ್ಯೂಯಾರ್ಕ್‌ಗೆ ಇದರಲ್ಲಿ ಪಾಲಿಲ್ಲ. ಒಂಟಾರಿಯೊದಲ್ಲಿ ವಾಲೈ ಹಿಡಿದು ಮಾರುವ ವ್ಯಾಪಾರ ಇವತ್ತಿಗೂ ಇದೆ. ಒಹಾಯೋದಲ್ಲಿ ಬಲೆ ಹಾಕಿ ವಾಲೈ ಮಾರುವಂತಿಲ್ಲ, ಪಾಲೆಲ್ಲ ಗಾಳದವರದ್ದೇ.

ಬಲೆಯವರು ಇಲ್ಲಿ ಏಕೆ ಹೊರಗಾದರು ಎಂಬುದು ಆರೋಗ್ಯದ ಕಥೆಯೇ. 1970ರಲ್ಲಿ ಈ ಭಾಗದ ವಾಲೈಯಲ್ಲಿ ಪಾದರಸ ಪತ್ತೆಯಾಗಿ ಮೀನುಗಾರಿಕೆಯನ್ನೇ ಮುಚ್ಚಬೇಕಾಯಿತು. ಮೊದಲೇ ವಿಪರೀತ ಹಿಡಿದು ಬರಿದಾಗಿದ್ದ ಸಂತತಿಗೆ ಆ ನಿಲುಗಡೆ ಉಸಿರು ಕೊಟ್ಟಿತು. ವಾಲೈಯ ಹತ್ತಿರದ ನೆಂಟ ಬ್ಲೂ ಪೈಕ್‌ಗೆ ಆ ಭಾಗ್ಯ ಸಿಗಲಿಲ್ಲ, 1983ರಲ್ಲಿ ಅದು ಅಳಿದುಹೋಯಿತೆಂದು ಘೋಷಿಸಿದರು.

ಈ ಏರಿಳಿತ ಅರ್ಥವಾಗಬೇಕಾದರೆ ಒಂದು ವರ್ಷದ ಮರಿಗಳನ್ನು ಒಂದು ತಂಡವೆಂದು ನೋಡಬೇಕು. 2003ರ ತಂಡ ದೊಡ್ಡದು. ಆಮೇಲೆ ಬಹಳ ವರ್ಷ ಹೇಳಿಕೊಳ್ಳುವಂಥದ್ದು ಬರಲಿಲ್ಲ, ಅದೇ ಒಂದು ತಂಡವನ್ನು ಎಲ್ಲರೂ ಹಿಡಿದು ತಿಂದರು. 2010ರ ಕೋಟಾ ಅಷ್ಟು ಕುಗ್ಗಿದ್ದು ಅದಕ್ಕೆ. 2015, 2018, 2021ರ ತಂಡಗಳು ಮತ್ತೆ ಜೋರಾಗಿ ಬಂದವು. ಗಂಡು ಎರಡು–ಮೂರು ವರ್ಷಕ್ಕೇ ಹೊಳೆ ಹತ್ತುತ್ತದೆ, ಹೆಣ್ಣಿಗೆ ನಾಲ್ಕೈದು ವರ್ಷ ಬೇಕು. ಹಾಗಾಗಿ ಒಂದು ಒಳ್ಳೆಯ ತಂಡ ಹುಟ್ಟಿದ ಮೂರನೇ ವರ್ಷ ಹೊಳೆ ತುಂಬ 15–17 ಇಂಚಿನ ಗಂಡುಗಳೇ ಸಿಗುತ್ತವೆ. ಅದನ್ನು ಕಂಡು ‘ಮೀನು ಸಣ್ಣದಾಗುತ್ತಿದೆ, ಹೊಳೆ ಹಾಳಾಯಿತು’ ಎನ್ನುವವರಿದ್ದಾರೆ. ಅದು ತಪ್ಪು ಓದು, ಸಣ್ಣ ಮೀನು ಬಂದದ್ದೇ ಮುಂದಿನ ವರ್ಷಗಳ ಒಳ್ಳೆಯ ಸುದ್ದಿ. ದಟ್ಟಣೆ ಹೆಚ್ಚಾದಾಗ ಬೆಳವಣಿಗೆಯೂ ನಿಧಾನವಾಗುತ್ತದೆ, ಅದಕ್ಕೆ ಉದ್ದ ನೋಡಿ ವಯಸ್ಸು ಹೇಳಲಾಗದು. ಸರಿಯಾದ ವಯಸ್ಸು ತಿಳಿಯುವುದು ಮೀನಿನ ಕಿವಿಗಲ್ಲನ್ನು (ತಲೆಯೊಳಗಿನ ಪುಟ್ಟ ಸುಣ್ಣದ ಕಲ್ಲು) ಕೊಯ್ದು ಅದರ ಗೆರೆ ಎಣಿಸಿದಾಗಲೇ.

ಮಾಹಿತಿಗೆ ಒಂದು ಅಂಕ ಕಡಿಮೆಯಾದದ್ದು ಇಲ್ಲಿ. ಪ್ರತಿ ಆಗಸ್ಟಿನಲ್ಲಿ ಸರೋವರದ ಪಶ್ಚಿಮ ಭಾಗದಲ್ಲಿ ಬಲೆ ಎಳೆದು, ಹೆಕ್ಟೇರಿಗೆ ಎಷ್ಟು ಮರಿ ಎಂದು ಲೆಕ್ಕ ಪ್ರಕಟಿಸುತ್ತಾರೆ. ಒಳ್ಳೆಯ ಲೆಕ್ಕವೇ, ವರ್ಷಾನುವರ್ಷದ ಹೋಲಿಕೆ ಸಿಗುತ್ತದೆ. ಆದರೆ ಅದು ಸರೋವರದ ಲೆಕ್ಕ. ಮೌಮಿಯಲ್ಲಿ ಹುಟ್ಟಿದ ಮರಿ, ಸ್ಯಾಂಡಸ್ಕಿ ಹೊಳೆಯ ಮರಿ, ಸರೋವರದೊಳಗಿನ ಕಲ್ಲುದಿಬ್ಬಗಳ ಮೇಲೆ ಹುಟ್ಟಿದ ಮರಿ ಎಲ್ಲ ಅದರಲ್ಲಿ ಬೆರೆತುಹೋಗಿರುತ್ತವೆ. ಈ ವರ್ಷ ಮೌಮಿ ಎಷ್ಟು ಮರಿ ಕೊಟ್ಟಿತು ಎಂಬ ಒಂದು ಸಾಲಿನ ಉತ್ತರ ಸಾಮಾನ್ಯ ಲೈಸೆನ್ಸ್‌ದಾರನ ಕೈಗೆ ಬರುವುದಿಲ್ಲ.

ಹೊಳೆಗೆ ಮೂರೇ ಅಂಕ ಏಕೆ? ಮೊಟ್ಟೆಯಿಂದ ಶುರು ಮಾಡೋಣ. ನೀರು 6ರಿಂದ 10 ಡಿಗ್ರಿ ಸೆಲ್ಸಿಯಸ್ ತಲುಪಿದಾಗ, ಪೆರಿಸ್‌ಬರ್ಗ್–ಮೌಮಿ ಊರುಗಳಿಂದ ಗ್ರ್ಯಾಂಡ್ ರ್ಯಾಪಿಡ್ಸ್‌ನ ಒಡ್ಡಿನವರೆಗಿನ ಕಲ್ಲುಹಾಸಿನಲ್ಲಿ ಹೆಣ್ಣು ಮೊಟ್ಟೆ ಚೆಲ್ಲುತ್ತದೆ. ದೊಡ್ಡ ಹೆಣ್ಣು ನಾಲ್ಕು ಲಕ್ಷ ಮೊಟ್ಟೆಯವರೆಗೂ ಇಡಬಲ್ಲದು. ಗೂಡಿಲ್ಲ, ಕಾವಲಿಲ್ಲ, ಜಲ್ಲಿಕಲ್ಲಿನ ಸಂದಿಯೇ ಗತಿ. ಅಲ್ಲಿ ಎರಡು–ಮೂರು ವಾರ ಸ್ವಚ್ಛ ನೀರು ಆಡುತ್ತಿರಬೇಕು. ಮೌಮಿಯ ಜಲಾನಯನ ಗ್ರೇಟ್ ಲೇಕ್ಸ್‌ಗೆ ಸೇರುವ ಹೊಳೆಗಳಲ್ಲೇ ದೊಡ್ಡದು, ಅದರಲ್ಲಿ ಬಹುಪಾಲು ಜೋಳ–ಸೋಯಾಬೀನ್ ಹೊಲ. ನೆಲದಡಿ ಪೈಪ್ ಹಾಕಿ ನೀರು ಬಸಿದು ಹೊಳೆಗೆ ಬಿಡುವ ಹೊಲಗಳು. ಏಪ್ರಿಲ್‌ನಲ್ಲಿ ಜಡಿಮಳೆ ಹಿಡಿದರೆ ಹೊಳೆ ಒಂದೇ ದಿನದಲ್ಲಿ ಮಣ್ಣುಬಣ್ಣಕ್ಕೆ ತಿರುಗುತ್ತದೆ. ಸೆಳವು ಮೊಟ್ಟೆಯನ್ನು ಕಿತ್ತೊಯ್ಯುತ್ತದೆ, ಉಳಿದದ್ದರ ಮೇಲೆ ಹೂಳು ಕೂತು ಆಮ್ಲಜನಕ ಸಿಗದೆ ಕೊಳೆಯುತ್ತದೆ.

ಒಡೆದ ಮರಿಯ ಪಾಡು ಇನ್ನೂ ನಾಜೂಕು. ಎಂಟು ಮಿಲಿಮೀಟರ್ ಉದ್ದ, ಹೊಟ್ಟೆಯಡಿ ಹಳದಿಯ ಚೀಲ, ಈಜಲು ಬಾರದು. ಬುತ್ತಿ ಮುಗಿಯುವುದಕ್ಕೆ ಕೆಲವೇ ದಿನ. ಅಷ್ಟರೊಳಗೆ ನೀರಿನ ಜೊತೆ ತೇಲಿ ಸರೋವರ ಸೇರಬೇಕು, ಅಲ್ಲಿ ಬಾಯಿಗೆ ಹಿಡಿಸುವ ಪ್ರಾಣಿಪ್ಲವಕ (ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು) ಸಿದ್ಧವಿರಬೇಕು. ವಸಂತ ಏರುಪೇರಿಲ್ಲದೆ ಬೆಚ್ಚಗಾದ ವರ್ಷ ಈ ಎರಡೂ ಹೊಂದಿಕೊಳ್ಳುವ ಸಾಧ್ಯತೆ ಹೆಚ್ಚು. ಅಂದರೆ ಒಳ್ಳೆಯ ತಂಡ ಹುಟ್ಟುವುದರಲ್ಲಿ ಹವಾಮಾನದ ಕೈ ದೊಡ್ಡದು. ಹಲವು ಜಾಗಗಳಲ್ಲಿ ಮೊಟ್ಟೆಯಿಡುವ ಸಂತತಿಯಾದ್ದರಿಂದ ಒಂದು ಕಡೆ ಕೆಟ್ಟರೂ ಇನ್ನೊಂದು ಕಡೆ ತೂಗಿಸುತ್ತದೆ. ಹೊಳೆ ಸೊರಗಿದ್ದರೂ ಮೀನು ಕೊಬ್ಬಿರುವ ಗುಟ್ಟು ಇದೇ. ಜಾಗ ಹೆಚ್ಚಿಸುವ ಕೆಲಸ ನಿಜವಾಗಿ ನಡೆದದ್ದು ಪಕ್ಕದ ಸ್ಯಾಂಡಸ್ಕಿಯಲ್ಲಿ: ಫ್ರೀಮಾಂಟ್‌ನ ಬಾಲ್‌ವಿಲ್ ಅಣೆಕಟ್ಟನ್ನು 2018ರಲ್ಲಿ ಒಡೆದು, ಮೇಲಿನ ಸುಮಾರು 35 ಕಿ.ಮೀ. ಹೊಳೆಯನ್ನು ಮೀನಿಗೆ ಬಿಟ್ಟುಕೊಟ್ಟರು. ಇಂಥ ಕೆಲಸ ಇನ್ನೂ ಆಗಬೇಕು.

ಮೌಮಿಯ ಇನ್ನೊಂದು ಹೊರೆ ರಂಜಕ. ಹೊಲದ ಗೊಬ್ಬರ ವಸಂತದ ಮಳೆಗೆ ಕೊಚ್ಚಿ ಸರೋವರ ಸೇರಿ, ಬೇಸಿಗೆಯಲ್ಲಿ ಹಸಿರು ಪಾಚಿಯಾಗಿ ಏಳುತ್ತದೆ. 2014ರ ಆಗಸ್ಟಿನಲ್ಲಿ ಪಾಚಿಯ ವಿಷ ಟೊಲೀಡೊದ ನಲ್ಲಿಗೇ ಬಂದು ಸುಮಾರು ಐದು ಲಕ್ಷ ಜನ ಎರಡು–ಮೂರು ದಿನ ಕುಡಿಯುವ ನೀರಿಲ್ಲದೆ ಕೂತರು. 2008ರ ಮಟ್ಟಕ್ಕಿಂತ 40% ರಂಜಕ ಇಳಿಸಬೇಕೆಂದು ಅಮೆರಿಕ, ಕೆನಡಾ ಗುರಿ ಇಟ್ಟುಕೊಂಡಿವೆ. ಲೈಸೆನ್ಸ್ ದುಡ್ಡು ಈ ಸಮಸ್ಯೆಯ ಬುಡ ಮುಟ್ಟುವುದಿಲ್ಲ. ಅದು ಹೊಲದಲ್ಲಿ ಬಗೆಹರಿಯಬೇಕಾದ್ದು.

ಸೇವೆಗಳಲ್ಲಿ ಕಣ್ಣು ಮುಚ್ಚಿ ಪೂರ್ತಿ ಅಂಕ ಕೊಡಬಹುದಾದ್ದು ಅಮೆರಿಕದ ಭೂಸರ್ವೇಕ್ಷಣಾ ಸಂಸ್ಥೆ ಯುಎಸ್‌ಜಿಎಸ್‌ನ ವಾಟರ್‌ವಿಲ್ ಗೇಜ್. ಉಚಿತ, ಹಗಲಿರುಳು ನೀರಿನ ಮಟ್ಟ ಮತ್ತು ಹರಿವು ತೋರಿಸುತ್ತದೆ. ಬಳಸುವ ಕ್ರಮ ಹೀಗೆ. ಈ ಕ್ಷಣದ ಅಂಕಿ ನೋಡಿ ಹೊರಡಬೇಡಿ, ಏಳು ದಿನದ ಗೆರೆ ತೆರೆಯಿರಿ. ಗೆರೆ ಇಳಿಯುತ್ತಿದ್ದರೆ ನೀರು ತಿಳಿಯಾಗುತ್ತಿದೆ, ಮೀನು ಕಚ್ಚುತ್ತದೆ. ಏರುತ್ತಿದ್ದರೆ ನೀರಿಗಿಳಿಯಬೇಡಿ. ಮೇಲ್ಹೊಳೆಯ ಡಿಫಯನ್ಸ್ ಗೇಜನ್ನೂ ನೋಡಿ, ಅಲ್ಲಿ ಏರಿದ್ದು ಗಂಟೆಗಳ ಬಳಿಕ ಇಲ್ಲಿಗೆ ಬರುತ್ತದೆ. ಬ್ಲೂಗ್ರಾಸ್ ನಡುಗಡ್ಡೆಗೆ ಬೆಳಿಗ್ಗೆ ಮೊಣಕಾಲು ನೀರಿನಲ್ಲಿ ದಾಟಿದವರು ಮಧ್ಯಾಹ್ನ ಸೊಂಟದ ನೀರು ಕಂಡು ಸಿಕ್ಕಿಹಾಕಿಕೊಳ್ಳುವುದು ಈ ಲೆಕ್ಕ ತಪ್ಪಿದಾಗಲೇ. ಆರ್ಲಿಯನ್ಸ್ ಪಾರ್ಕ್ ಮತ್ತು ಅದರ ಕೆಳಗಡೆ ಗಾಳಿಯೂ ಲೆಕ್ಕಕ್ಕೆ ಬರುತ್ತದೆ: ಈಶಾನ್ಯದ ಜೋರು ಗಾಳಿ ಸರೋವರದ ನೀರನ್ನು ಹೊಳೆಯೊಳಕ್ಕೆ ಒತ್ತುತ್ತದೆ, ನೈಋತ್ಯದ ಗಾಳಿ ಎಳೆದುಕೊಳ್ಳುತ್ತದೆ. ವೇಡರ್ (ನೀರಿಗಿಳಿಯಲು ತೊಡುವ, ನೀರು ಒಳಬಿಡದ ಉಡುಪು) ಹಾಕಿದರೆ ಸೊಂಟಕ್ಕೆ ಬೆಲ್ಟ್ ಬಿಗಿಯಲೇಬೇಕು, ಬಿದ್ದಾಗ ಒಳಗೆ ನೀರು ತುಂಬದಂತೆ ತಡೆಯುವುದು ಅದೇ. ಸೈಡ್ ಕಟ್ ಮೆಟ್ರೋಪಾರ್ಕ್‌ಗೆ ಪ್ರವೇಶ ಉಚಿತ, ಆದರೆ ಶನಿವಾರ ಭಾನುವಾರ ಪಾರ್ಕಿಂಗ್ ಬೆಳಕು ಹರಿಯುವ ಮೊದಲೇ ತುಂಬುತ್ತದೆ.

ನಿಯಮಗಳು ಕಟ್ಟುನಿಟ್ಟು, ಇರಬೇಕಾದ್ದೇ. ಮಾರ್ಚ್ 1ರಿಂದ ಮೇ 1ರವರೆಗೆ ಮೊಟ್ಟೆಯಿಡುವ ಭಾಗದಲ್ಲಿ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಮಾತ್ರ ಗಾಳ. ಒಂಟಿ ಮುಳ್ಳಿನ ಗಾಳವೇ ಆಗಬೇಕು, ಮುಳ್ಳಿನ ತುದಿಗೂ ಕಾಂಡಕ್ಕೂ ಅರ್ಧ ಇಂಚಿಗಿಂತ ಹೆಚ್ಚು ಅಂತರ ಇರಬಾರದು. ದಿನಕ್ಕೆ ತಲೆಗೆ 6 ಮೀನು, ಕನಿಷ್ಠ 15 ಇಂಚು. ಕೋಟಾ ಬದಲಾದಂತೆ ಈ ಮಿತಿಯೂ ಬದಲಾಗಬಹುದು, ಹೊರಡುವ ಮೊದಲು ಆ ವರ್ಷದ್ದನ್ನು ನೋಡಿಕೊಳ್ಳಿ. ಬಾಯಿಯ ಒಳಗೆ ಕಚ್ಚಿದ ಮೀನನ್ನಷ್ಟೇ ಇಟ್ಟುಕೊಳ್ಳಬಹುದು. ಬೆನ್ನು, ಹೊಟ್ಟೆ, ದವಡೆಯ ಹೊರಗೆ ಸಿಕ್ಕಿದ್ದನ್ನು ಆ ಕ್ಷಣವೇ ಬಿಡಬೇಕು. ಇಲ್ಲಿ ನಡೆಯುವ ಸಾಮಾನು ಸರಳ: ಲೈನಿನ ಮೇಲೆ ಓಡಾಡುವ ಅರ್ಧ ಔನ್ಸಿನ ತೂಕ, ಕೆಳಗೊಂದು ಮಣಿ, ಸ್ವಿವೆಲ್ (ತಿರುಗುವ ಕೊಂಡಿ), ಅದಕ್ಕೆ 18ರಿಂದ 24 ಇಂಚಿನ ಲೀಡರ್ (ಕೊನೆಯ ತುಂಡು ಲೈನ್), ತುದಿಯಲ್ಲಿ ತೇಲುವ ಜಿಗ್ (ತಲೆಯಿರುವ ಮುಳ್ಳು) ಮತ್ತು ಮೂರಿಂಚಿನ ರಬ್ಬರ್ ಬಾಲ. ಲೀಡರ್ ಮುಖ್ಯ ಲೈನಿಗಿಂತ ಒಂದು ಹಂತ ತೆಳುವಿರಲಿ, ಕಲ್ಲಿಗೆ ಸಿಕ್ಕಿದಾಗ ಜಿಗ್ ಮಾತ್ರ ಹೋಗುತ್ತದೆ. ನಾಲ್ಕೈದು ಅಡಿ ಲೀಡರ್ ಕಟ್ಟುವವರಿದ್ದಾರೆ. ಉದ್ದ ಲೈನ್ ಮೀನಿನ ಬಾಯಿಗೆ ಅಡ್ಡವಾಗಿ ಜಾರಿ ಹೊರಗಿನಿಂದ ಚುಚ್ಚುತ್ತದೆ. ಅದು ಕಚ್ಚಿಸುವುದಲ್ಲ, ಎಳೆದು ಚುಚ್ಚುವುದು. ದಯವಿಟ್ಟು ಮಾಡಬೇಡಿ.

ಕೈಗೆ ಬಂದ ಮೀನಿನ ಆರೋಗ್ಯ ನೋಡುವುದು ಕಷ್ಟವಲ್ಲ. ಬೆಳ್ಳಗೆ ಹೂಕೋಸಿನಂಥ ಗಂಟು ಚರ್ಮದ ಮೇಲಿದ್ದರೆ ಗಾಬರಿ ಬೇಡ. ಲಿಂಫೋಸಿಸ್ಟಿಸ್ ಮತ್ತು ಡರ್ಮಲ್ ಸಾರ್ಕೋಮಾ ಎಂಬ ಎರಡು ವೈರಸ್ ಗಂಟುಗಳು ವಸಂತದಲ್ಲಿ ಹೆಚ್ಚು ಕಾಣುತ್ತವೆ, ನೀರು ಬೆಚ್ಚಗಾದಂತೆ ಸಾಮಾನ್ಯವಾಗಿ ಉದುರಿಹೋಗುತ್ತವೆ. ಮನುಷ್ಯರಿಗೆ ಅಂಟುವುದಿಲ್ಲ, ಚರ್ಮ ಸುಲಿದರೆ ಮಾಂಸ ತಿನ್ನಬಹುದು. ಮಾಂಸದೊಳಗೇ ಕೀವು ಅಥವಾ ಕೆಟ್ಟ ಹುಣ್ಣಿದ್ದರೆ ಬೇಡ. ಹೊಟ್ಟೆ ಉಬ್ಬಿದ ದೊಡ್ಡ ಹೆಣ್ಣನ್ನು ಕಿವಿರಿಗೆ ಬೆರಳು ತೂರಿಸಿ ನೇತುಹಾಕಬಾರದು. ಎರಡೂ ಕೈಯಲ್ಲಿ ಅಡ್ಡ ಹಿಡಿದು, ನೀರಿನಲ್ಲೇ ಮುಳ್ಳು ಬಿಡಿಸಿ ಬಿಡಿ, ತಣ್ಣೀರಿನಲ್ಲಿ ಚೆನ್ನಾಗಿ ಬದುಕುತ್ತದೆ.

ಮೈಗೆ ಟ್ಯಾಗ್ ಚುಚ್ಚಿದ ಮೀನು ಸಿಕ್ಕರೆ, ಹೊಟ್ಟೆಯೊಳಗೆ ಬೆರಳಿನಷ್ಟು ದೊಡ್ಡ ಧ್ವನಿಸಂಕೇತದ ಸಾಧನವೂ ಇರಬಹುದು. ಕರುಳಿನ ಜೊತೆ ಎಸೆಯದೆ ಟ್ಯಾಗಿನ ಮೇಲಿನ ಸಂಖ್ಯೆಗೆ ವರದಿ ಮಾಡಿ, ಸಾಧನ ಹಿಂದಿರುಗಿಸಿ. ಮೌಮಿಯಲ್ಲಿ ಮೊಟ್ಟೆಯಿಟ್ಟ ಮೀನು ಬೇಸಿಗೆಗೆ ಸರೋವರದ ಪೂರ್ವದ ತುದಿಯವರೆಗೂ ಹೋಗುತ್ತದೆಂದು ಗೊತ್ತಾದದ್ದು ಇಂಥ ಟ್ಯಾಗುಗಳಿಂದ.

ಅಡಿಗೆಗೆ 15ರಿಂದ 20 ಇಂಚಿನ ಗಂಡೇ ಉತ್ತಮ. ದೊಡ್ಡ, ಹಳೆಯ ಮೀನಿನಲ್ಲಿ ಪಾದರಸ ಹೆಚ್ಚು ಕೂಡಿರುತ್ತದೆ, ಗರ್ಭಿಣಿಯರು ಮತ್ತು ಚಿಕ್ಕ ಮಕ್ಕಳಿರುವ ಮನೆಯವರು ರಾಜ್ಯದ ಸಲಹಾಪಟ್ಟಿ ನೋಡಿಯೇ ತಿನ್ನಬೇಕು. ಕರುಳು, ಪಿತ್ತಜನಕಾಂಗ, ಹೊಟ್ಟೆಯಡಿಯ ಕೊಬ್ಬು ತೆಗೆದುಹಾಕಿ. ಫಿಲೆಟ್‌ನ ತಲೆಯ ಕಡೆ ನಡುಗೆರೆಯಲ್ಲಿ ಸಣ್ಣ ಮುಳ್ಳಿನ ಸಾಲು ಇರುತ್ತದೆ, ಅದರ ಎರಡೂ ಬದಿಗೆ ಚೂರಿ ಆಡಿಸಿ ಪಟ್ಟಿಯಂತೆ ಎಳೆದರೆ ಮಕ್ಕಳಿಗೂ ಕೊಡಬಹುದು. ಕೆನ್ನೆಯ ಎರಡು ಬಿಲ್ಲೆ ಮಾಂಸ ಬಿಡಬೇಡಿ. ಕೊಬ್ಬು ಕಡಿಮೆಯ ಬಿಳಿ ಮಾಂಸವಾದ್ದರಿಂದ ರವೆ ಹಚ್ಚಿ ಕಾದ ಕಾವಲಿಯ ಮೇಲೆ ಬದಿಗೆ ಮೂರು ನಿಮಿಷ ಸಾಕು. ಗಸಿ ಮಾಡುವುದಾದರೆ ಮಸಾಲೆ ಪೂರ್ತಿ ಕುದಿದ ಮೇಲೆ ತುಂಡು ಬಿಟ್ಟು, ಸೌಟು ಹಾಕದೆ ಪಾತ್ರೆಯನ್ನೇ ಅಲುಗಿಸಿ ಇಳಿಸಿ.