ಪ್ರಜ್ಞೆ ತಪ್ಪಿದ ರೋಗಿಗೆ ಯಾವುದು: ಅಭ್ಯಂಗವೋ, ಪರಮಪ್ರಸಾದವೋ?

ಮನೆಯ ಹಿರಿಯರು ಹಾಸನದ ಐಸಿಯುನಲ್ಲಿ ಎಚ್ಚರವಿಲ್ಲದೆ ಮಲಗಿದ್ದರೆ ಮೊದಲು ಕೇಳಬೇಕಾದ್ದು ರೋಗಿಗಳ ಅಭ್ಯಂಗ, ಅಂದರೆ ಕಥೋಲಿಕ ಧರ್ಮಸಭೆಯಲ್ಲಿ ರೋಗಿಗೆ ಪವಿತ್ರ ತೈಲ ಹಚ್ಚಿ ಪ್ರಾರ್ಥಿಸುವ ಸಂಸ್ಕಾರ. ಬಾಯಿಬಿಟ್ಟು ಕೇಳಿರಬೇಕಿಲ್ಲ, ನಂಬಿಕೆಯಿಂದ ಬಾಳಿದವರು, ಎಚ್ಚರವಿದ್ದಿದ್ದರೆ ಬಯಸುತ್ತಿದ್ದರು ಎಂಬುದೇ ಸಾಕು (ಧರ್ಮಸಭೆಯ ಕಾನೂನು, ಕ್ಯಾನನ್ 1006). ತೈಲ ಹಚ್ಚುವುದು ಹಣೆಗೆ, ಎರಡೂ ಕೈಗೆ. ಡ್ರಿಪ್, ಬ್ಯಾಂಡೇಜು ಅಡ್ಡಬಂದರೆ ಪ್ರಾರ್ಥನೆ ಪೂರ್ತಿ ಹೇಳಿ ಹಣೆಗೊಂದೇ ಸಲ. ಅಲ್ಲೂ ಪಟ್ಟಿಯಿದ್ದರೆ ಬೇರೆ ಭಾಗಕ್ಕೂ ಆದೀತು.

ಪರಮಪ್ರಸಾದ, ಅಂದರೆ ಬಲಿಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ, ಹಾಗಲ್ಲ. ನುಂಗಲಾಗದವರ ಬಾಯಿಗಿಟ್ಟರೆ ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ. ಎಚ್ಚರವಾಗಿ ಗುಟುಕು ನೀರು ಇಳಿದರೆ ಆಗ ಕೊಡಿಸಿ, ಸಣ್ಣ ಚೂರು ಸಾಕು. ಎಚ್ಚರವಿಲ್ಲದವರಿಗೆ ಪಾಪನಿವೇದನೆಯ (ಪಾದ್ರಿಗಳ ಮುಂದೆ ಪಾಪ ಹೇಳಿಕೊಳ್ಳುವ) ಮಾತೇ ಇಲ್ಲ. ಆದರೂ ಗುರುಗಳು (ಪಾದ್ರಿಗಳು) 'ಪಡೆಯಬಲ್ಲವರಾಗಿದ್ದರೆ' ಎಂಬ ಷರತ್ತಿನ ಪಾಪವಿಮೋಚನೆ ನೀಡಬಲ್ಲರು.

ಜನ ಎಡವುವುದು ಕರೆಯುವುದರಲ್ಲಿ. ಅಭ್ಯಂಗ ಗುರುಗಳಿಂದ ಮಾತ್ರ ಸಾಧ್ಯ, 'ಇನ್ನೂ ಸ್ವಲ್ಪ ನೋಡೋಣ' ಎನ್ನುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಸತ್ತವರಿಗೆ ಅಭ್ಯಂಗವಿಲ್ಲ, ಜೀವವಿದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ ಕೊಡುತ್ತಾರೆ.