ಮಾರುತಿ 800ಕ್ಕೆ ‘ಹೈ ಲಿಫ್ಟ್’ ಕ್ಯಾಮ್‌ಶಾಫ್ಟ್ ಹಾಕಿಸುವ ಮುನ್ನ

ನನ್ನ ಬಳಿ ಇರುವುದು 1997ರ ಮಾರುತಿ 800. ಮೂರು ಸಿಲಿಂಡರಿನ, 796 ಸಿಸಿಯ, ಕಾರ್ಬ್ಯುರೇಟರ್ ಇರುವ, ನಾಲ್ಕೇ ಗೇರಿನ ಗಾಡಿ. ಹಾಸನದಿಂದ ಶಿರಾಡಿ ಘಾಟಿ ಇಳಿದು ತಾಯಿಯ ತವರಾದ ಪುತ್ತೂರಿಗೆ ತಿಂಗಳಿಗೊಮ್ಮೆ ಹೋಗಿಬರುವ ನಮಗೆ, ಹಿಂದಿರುಗುವಾಗ ಗುಂಡ್ಯ ದಾಟಿದ ಮೇಲಿನ ಏರಿನಲ್ಲಿ ಇನ್ನಷ್ಟು ಎಳೆತ ಇದ್ದಿದ್ದರೆ ಚೆನ್ನಾಗಿತ್ತು ಅನಿಸುತ್ತಿತ್ತು. ಬೆಂಗಳೂರಿನ ಒಂದು ಗ್ಯಾರೇಜಿನವರು ಕ್ಯಾಮ್‌ಶಾಫ್ಟನ್ನು, ಅಂದರೆ ಎಂಜಿನ್ನಿನ ವಾಲ್ವುಗಳನ್ನು ತೆರೆಯಿಸುವ ಉಬ್ಬುಗಳಿರುವ ದಂಡವನ್ನು, ಬದಲಾಯಿಸಿದರೆ ಅದು ಸಾಧ್ಯ ಎಂದರು. ಹದಿನಾಲ್ಕು ಸಾವಿರ ರೂಪಾಯಿ ಕೊಟ್ಟು ಹಾಕಿಸಿಕೊಂಡೆ. ಒಂಬೈನೂರು ಕಿಲೋಮೀಟರ್ ಓಡುವಷ್ಟರಲ್ಲಿ ಎಂಜಿನ್ ಬಿಚ್ಚಬೇಕಾಯಿತು. ಇದೇ ಆಲೋಚನೆಯಲ್ಲಿರುವವರಿಗೆ ಉಪಯೋಗವಾಗಲೆಂದು ನಡೆದದ್ದನ್ನು ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ನನ್ನ ಅಗತ್ಯಕ್ಕೂ ಈ ಬಿಡಿಭಾಗಕ್ಕೂ ಹೊಂದಾಣಿಕೆಯೇ ಇರಲಿಲ್ಲ. ಹೈ ಲಿಫ್ಟ್ ಕ್ಯಾಮ್ ವಾಲ್ವುಗಳನ್ನು ಹೆಚ್ಚು ಎತ್ತರಕ್ಕೆ, ಹೆಚ್ಚು ಹೊತ್ತು ತೆರೆದಿಡುತ್ತದೆ. ಇದರಿಂದ ಎಂಜಿನ್ ವೇಗವಾಗಿ ತಿರುಗುವಾಗ ಗಾಳಿ ಚೆನ್ನಾಗಿ ತುಂಬಿಕೊಳ್ಳುತ್ತದೆ. ಆದರೆ ನಿಧಾನವಾಗಿ ತಿರುಗುವಾಗ, ಎಕ್ಸಾಸ್ಟ್ ವಾಲ್ವ್ ಮುಚ್ಚುವ ಮೊದಲೇ ಇನ್‌ಲೆಟ್ ವಾಲ್ವ್ ತೆರೆದುಕೊಂಡಿರುವ ಆ ಹೊತ್ತಿನಲ್ಲಿ ಸುಟ್ಟ ಹೊಗೆಯೇ ಹಿಂದಕ್ಕೆ ನುಗ್ಗಿ ಹೊಸ ಮಿಶ್ರಣದೊಂದಿಗೆ ಬೆರೆಯುತ್ತದೆ. ಅಂದರೆ ಘಾಟಿಯ ಏರಿಗೆ ಬೇಕಾದ ಕೆಳಗಿನ ಎಳೆತವನ್ನು ಕಳೆದುಕೊಂಡು, ರೇಸಿಗೆ ಬೇಕಾದ ಮೇಲಿನ ಓಟವನ್ನು ಪಡೆದಂತೆ. ಸೆಕೆಂಡ್ ಗೇರಿನಲ್ಲಿ ಕಿರುಚುವಷ್ಟು ಓಡಿಸಿ ಥರ್ಡ್‌ಗೆ ಹಾಕಿದ ಕೂಡಲೇ ಎಂಜಿನ್ ವೇಗ ಇಳಿದು ಗಾಡಿ ಸೋತುಹೋಗುತ್ತಿತ್ತು. ನಾಲ್ಕೇ ಗೇರಿನ ಪೆಟ್ಟಿಗೆಯಲ್ಲಿ ಗೇರುಗಳ ನಡುವಿನ ಅಂತರ ಅಷ್ಟು ದೊಡ್ಡದು. ಇದನ್ನು ಗ್ಯಾರೇಜಿನವರು ಹೇಳಬೇಕಿತ್ತು, ನಾನೂ ಕೇಳಬೇಕಿತ್ತು.

ಎರಡನೆಯ ಸಂಗತಿ ಇನ್ನೂ ಗಂಭೀರವಾದದ್ದು. ‘ಹೊಸ ಕ್ಯಾಮ್’ ಎಂದು ಅವರು ಹಾಕಿದ್ದು ನನ್ನದೇ ಹಳೆಯ ಕ್ಯಾಮ್‌ಶಾಫ್ಟ್. ಅದನ್ನೇ ಲೇತಿನವರಿಗೆ ಕೊಟ್ಟು ಗ್ರೈಂಡ್ ಮಾಡಿಸಿದ್ದರು. ಲೋಬಿನ (ದಂಡದ ಮೇಲಿನ ಮೊಟ್ಟೆಯಾಕಾರದ ಉಬ್ಬಿನ) ಮೂತಿಯನ್ನು ಹಾಗೆಯೇ ಬಿಟ್ಟು ಹಿಂಬದಿಯ ದುಂಡನೆಯ ಭಾಗವನ್ನು ಸವೆಸಿದರೆ ಎರಡರ ವ್ಯತ್ಯಾಸ ಹೆಚ್ಚಾಗಿ ಲಿಫ್ಟ್ (ವಾಲ್ವ್ ತೆರೆಯುವ ಎತ್ತರ) ಏರುತ್ತದೆ. ಈ ವಿಧಾನವೇ ತಪ್ಪೆಂದು ನಾನು ಹೇಳುವುದಿಲ್ಲ, ಸರಿಯಾಗಿ ಮಾಡುವವರೂ ಇದ್ದಾರೆ. ಆದರೆ ಎರಕದ ಕಬ್ಬಿಣದ ಕ್ಯಾಮ್‌ನಲ್ಲಿ ಗಡಸುತನ ಇರುವುದು ಮೇಲ್ಮೈಯ ತೆಳುವಾದ ಪದರದಲ್ಲಿ. ಮೂತಿಯ ಇಳಿಜಾರುಗಳ ಆಕಾರ ಬದಲಿಸುವಾಗ ಆ ಪದರ ದಾಟಿ ಒಳಗೆ ಹೋದರೆ ಮತ್ತೆ ಗಡಸು ಮಾಡಿಸಬೇಕು. ನನ್ನದಕ್ಕೆ ಅದನ್ನು ಮಾಡಿಸಿರಲಿಲ್ಲ. ಮೇಲಾಗಿ, ಎಂಬತ್ತು ಸಾವಿರ ಕಿಲೋಮೀಟರ್ ಹಳೆಯ ಲೋಬುಗಳ ಮೇಲೆ ಉಜ್ಜಿ ಸವೆದಿದ್ದ ರಾಕರ್‌ಗಳನ್ನೇ (ಲೋಬಿನ ತಳ್ಳುವಿಕೆಯನ್ನು ವಾಲ್ವಿಗೆ ಮುಟ್ಟಿಸುವ ಸನ್ನೆಗಳು) ಹೊಸ ಆಕಾರದ ಲೋಬುಗಳ ಮೇಲೆ ಕೂರಿಸಿದ್ದರು. ವಾಲ್ವ್ ಸ್ಪ್ರಿಂಗುಗಳೂ ಹಳೆಯವೇ.

ಗಾಡಿ ಪಡೆಯಲು ಹೋದ ದಿನ ಕಾರ್ಬ್ಯುರೇಟರ್ ಹೊಂದಿಸುವುದಕ್ಕೆಂದು ಮುಕ್ಕಾಲು ಗಂಟೆ ಎಂಜಿನನ್ನು ಐಡ್ಲಿಂಗ್‌ನಲ್ಲಿಯೇ ಬಿಟ್ಟಿದ್ದರು. ಕಾರು ನಡುಗುತ್ತಿದೆಯಲ್ಲ ಎಂದಾಗ ಮೆಕ್ಯಾನಿಕ್, “ಕ್ಯಾಮ್ ಹಾಕಿದ್ಮೇಲೆ ಹಿಂಗೇ ಸಾರ್, ಅದೇ ಅದರ ಗತ್ತು” ಎಂದ. ನಾನು ನಂಬಿದೆ. ಹೊಸದಾಗಿ ಗ್ರೈಂಡ್ ಮಾಡಿದ ಕ್ಯಾಮ್‌ಗೆ ಹಾಗೆ ಐಡ್ಲಿಂಗ್‌ನಲ್ಲಿ ಬಿಡುವುದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ ಎಂದು ಆಮೇಲೆ ತಿಳಿಯಿತು. ನಿಧಾನವಾಗಿ ತಿರುಗುವಾಗಲೇ ಲೋಬಿನ ಮೂತಿಯ ಮೇಲೆ ಸ್ಪ್ರಿಂಗಿನ ಒತ್ತಡ ಅತಿ ಹೆಚ್ಚು ಬೀಳುತ್ತದೆ, ಎಣ್ಣೆ ಸಿಡಿಯುವುದು ಮಾತ್ರ ಕಡಿಮೆ. ಲೋಬುಗಳಿಗೆ ಅಸೆಂಬ್ಲಿ ಲೂಬ್ (ಜೋಡಿಸುವಾಗ ಹಚ್ಚುವ ದಪ್ಪ ಎಣ್ಣೆ) ಸವರಿ, ಎಂಜಿನ್ ಹತ್ತಿಕೊಂಡ ಕೂಡಲೇ 2000 ಆರ್‌ಪಿಎಮ್ ಆಸುಪಾಸಿನಲ್ಲಿ ಇಪ್ಪತ್ತು ನಿಮಿಷ ಓಡಿಸಿ, ಆಮೇಲೆ ಎಣ್ಣೆಯನ್ನೂ ಫಿಲ್ಟರನ್ನೂ ಬದಲಾಯಿಸುವುದು ಸರಿಯಾದ ಕ್ರಮ.

ಎರಡು ವಾರಕ್ಕೆ ಟ್ಯಾಪೆಟ್ ಶಬ್ದ, ಅಂದರೆ ರಾಕರಿಗೂ ವಾಲ್ವಿಗೂ ನಡುವಿನ ಸಂದು ಹೆಚ್ಚಾದಾಗ ಬರುವ ಟಕಟಕ, ಶುರುವಾಯಿತು. ಹಾಸನದಲ್ಲಿ ಹೊಂದಿಸಿಕೊಟ್ಟರು, ನಾಲ್ಕೇ ದಿನಕ್ಕೆ ಮತ್ತೆ ಅದೇ ಶಬ್ದ. ದಯವಿಟ್ಟು ಈ ಲಕ್ಷಣವನ್ನು ನೆನಪಿಡಿ: ಟ್ಯಾಪೆಟ್ ಹೊಂದಿಸಿದ ಮೇಲೂ ಸಂದು ಮತ್ತೆ ಮತ್ತೆ ಅಗಲವಾಗುತ್ತಿದ್ದರೆ ಲೋಬು ಇಲ್ಲವೇ ರಾಕರ್ ಸವೆಯುತ್ತಿದೆ ಎಂದೇ ತಿಳಿದು ಎಂಜಿನ್ ನಿಲ್ಲಿಸಬೇಕು. ನಾನು ನಿಲ್ಲಿಸಲಿಲ್ಲ. ಪುತ್ತೂರಿನಿಂದ ಬರುವಾಗ ಮಾರನಹಳ್ಳಿಯ ಹತ್ತಿರ ಒಂದು ಸಿಲಿಂಡರ್ ಪೂರ್ತಿ ಕೈಕೊಟ್ಟಿತು. ಕತ್ತಲಾಗುತ್ತಿತ್ತು, ಮಳೆ ಬೇರೆ. ಹಿಂದಿನಿಂದ ಲಾರಿಗಳು ಒಂದರ ಮೇಲೊಂದು ಬರುತ್ತಿದ್ದ ಆ ತಿರುವಿನಲ್ಲಿ ಎಪ್ಪತ್ತು ದಾಟಿದ ತಾಯಿಯನ್ನು ಇಳಿಸಿ ರಸ್ತೆಯಂಚಿನಲ್ಲಿ ಕೊಡೆ ಹಿಡಿದು ನಿಲ್ಲಿಸಬೇಕಾಯಿತು.

ಸಕಲೇಶಪುರದಲ್ಲಿ ವಾಲ್ವ್ ಕವರ್ ತೆಗೆದು ನೋಡಿದಾಗ ಮೊದಲ ಸಿಲಿಂಡರಿನ ಎಕ್ಸಾಸ್ಟ್ ಲೋಬು ಮೊಟ್ಟೆಯ ಆಕಾರ ಕಳೆದುಕೊಂಡು ಹೆಚ್ಚುಕಡಿಮೆ ಗುಂಡಗಾಗಿತ್ತು. ಎಂಜಿನ್ನಿನ ತಳದ ಎಣ್ಣೆ ಚೇಂಬರಿನಿಂದ ಇಳಿಸಿದ ಕಪ್ಪು ಎಣ್ಣೆಯನ್ನು ಬಿಸಿಲಿಗೆ ಹಿಡಿದರೆ ಬೆಳ್ಳಿಪುಡಿ ಕಲಸಿದಂತೆ ಮಿನುಗುತ್ತಿತ್ತು. ಅಯಸ್ಕಾಂತ ಅದ್ದಿ ತೆಗೆದಾಗ ಅದರ ಸುತ್ತ ಬೂದುಬಣ್ಣದ ಕೆಸರು ಮೆತ್ತಿಕೊಂಡಿತು. ಆ ಪುಡಿ ಎಣ್ಣೆಯೊಂದಿಗೆ ಎಲ್ಲೆಡೆ ಹರಿದು ಬೇರಿಂಗುಗಳನ್ನೂ ಗೀರಿತ್ತು. ಒಟ್ಟು ಮೂವತ್ತೊಂದು ಸಾವಿರ ಖರ್ಚಾಯಿತು. ಗ್ಯಾರೇಜಿನವರು ರೇಸಿಂಗ್ ಭಾಗಕ್ಕೆ ಗ್ಯಾರಂಟಿ ಇಲ್ಲವೆಂದು ಫೋನ್ ಇಟ್ಟರು. ಬಿಲ್ ಇಲ್ಲದೆ ಹಣ ಕೊಟ್ಟಿದ್ದರಿಂದ ಮುಂದೆ ದೂರು ಕೊಡುವುದಕ್ಕೂ ನನ್ನ ಕೈಯಲ್ಲಿ ಆಧಾರವಿರಲಿಲ್ಲ.

ಇಷ್ಟರ ಮೇಲೂ ಮಾಡಿಸುವವರು ಮೂಲ ಕ್ಯಾಮ್‌ಶಾಫ್ಟನ್ನು ಯಾವ ಕಾರಣಕ್ಕೂ ಬಿಟ್ಟುಕೊಡಬೇಡಿ; ಗ್ರೈಂಡ್ ಮಾಡಿಸುವುದಾದರೆ ಬೇರೊಂದನ್ನು ಕೊಂಡು ಕೊಡಿ. ಗಡಸುತನ ಪರೀಕ್ಷಿಸಿದ ಅಳತೆಯನ್ನು ಬರಹದಲ್ಲಿ ಕೇಳಿ. ರಾಕರ್ ಮತ್ತು ಸ್ಪ್ರಿಂಗುಗಳ ಖರ್ಚನ್ನು ಮೊದಲೇ ಸೇರಿಸಿಕೊಳ್ಳಿ. ಕ್ಯಾಮ್ ತಿರುಗಿಸುವ ಬೆಲ್ಟಿನ ಗುರುತು ಕೂರಿಸಿದರೆ ಸಾಕು ಎನ್ನುವವರ ಬಳಿ ಕೆಲಸ ಕೊಡಬೇಡಿ. ಡಿಗ್ರಿ ಚಕ್ರ, ಡಯಲ್ ಗೇಜ್ ಇಟ್ಟು ಟೈಮಿಂಗ್ (ವಾಲ್ವುಗಳು ತೆರೆದು ಮುಚ್ಚುವ ಹೊತ್ತು) ಅಳೆಯಬೇಕು, ಪಿಸ್ಟನ್ ಮೇಲೆ ಮಕ್ಕಳಾಟದ ಜೇಡಿಯಿಟ್ಟು ಕೈಯಲ್ಲಿ ಎಂಜಿನ್ ತಿರುಗಿಸಿ ವಾಲ್ವಿಗೂ ಪಿಸ್ಟನ್ನಿಗೂ ಕನಿಷ್ಠ ಎರಡು ಮಿಲಿಮೀಟರ್ ಸಂದು ಉಳಿದಿದೆಯೇ ಎಂದು ನೋಡಬೇಕು. ಬದಲಾವಣೆಯನ್ನು ವಿಮಾ ಕಂಪನಿಗೂ ತಿಳಿಸಿ.

ಈಗ ಕಂಪನಿಯ ಹೊಸ ಕ್ಯಾಮ್‌ಶಾಫ್ಟ್ ಮತ್ತು ಹೊಸ ರಾಕರ್‌ಗಳನ್ನು ಹಾಕಿಸಿ, ವಾಲ್ವುಗಳನ್ನು ಲ್ಯಾಪಿಂಗ್ ಮಾಡಿಸಿದ್ದೇನೆ (ಸಂದಿಲ್ಲದೆ ಮುಚ್ಚುವಂತೆ ಉಜ್ಜಿಸಿದ್ದೇನೆ). ಕಳೆದ ತಿಂಗಳು ಅದೇ ಘಾಟಿಯನ್ನು ಸೆಕೆಂಡ್ ಗೇರಿನಲ್ಲಿ ಏದುಸಿರಿಲ್ಲದೆ ಹತ್ತಿ ಬಂದೆವು. ಮನೆಗೆ ಬಂದು ಎಂಜಿನ್ ತಣಿದ ಮೇಲೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಇಟ್ಟು ನೋಡಿದೆ; ಆರು ಟ್ಯಾಪೆಟ್‌ಗಳ ಸಂದೂ ಹೊಂದಿಸಿದಷ್ಟೇ ಇತ್ತು.