ಐಬಿಡಿ ಸಂಶೋಧಕರ ದಾಖಲೆ: ಸ್ಕಾಲರ್, ಸ್ಕೋಪಸ್, ಪಬ್‌ಮೆಡ್

ಐಬಿಡಿ (ಕರುಳಿನ ದೀರ್ಘಕಾಲದ ಉರಿಯೂತದ ಕಾಯಿಲೆ) ಕ್ಷೇತ್ರದಲ್ಲಿ ಪಿಎಚ್‌ಡಿ ಗೈಡ್ ಆರಿಸಲು, ಸಂಶೋಧನಾ ಲೇಖನಗಳನ್ನು ಹುಡುಕುವ ಈ ಮೂರು ತಾಣಗಳಲ್ಲಿ ಯಾವುದನ್ನು ನೋಡಲಿ ಅಂತ ಕೇಳಿದ್ದೀರಿ. ಖರ್ಚಿನ ಮಾತು ಬೇಗ ಮುಗಿಯುತ್ತದೆ: ಗೂಗಲ್ ಸ್ಕಾಲರ್, ಪಬ್‌ಮೆಡ್ ಉಚಿತ, ಸ್ಕೋಪಸ್ ಪೂರ್ತಿ ಬೇಕಾದರೆ ಕಾಲೇಜಿನ ಚಂದಾ ಇರಬೇಕು.

ಸ್ಕಾಲರ್ ಥೀಸಿಸ್, ಪ್ರಿಪ್ರಿಂಟ್ (ತಜ್ಞರ ಪರಿಶೀಲನೆಗೆ ಮುಂಚಿನ ಲೇಖನ) ಎಲ್ಲವನ್ನೂ ಎಣಿಸುತ್ತದೆ. ಹಾಗಾಗಿ ಎಚ್-ಇಂಡೆಕ್ಸ್ (ಲೇಖನಗಳ ಸಂಖ್ಯೆ, ಅವಕ್ಕೆ ಸಿಕ್ಕ ಉಲ್ಲೇಖ ಎರಡನ್ನೂ ಸೇರಿಸಿದ ಅಳತೆ) ಅಲ್ಲಿ ಸಾಮಾನ್ಯವಾಗಿ ಜಾಸ್ತಿ. ಸುಮ್ನೆ ಒಂದು ಅಂದಾಜಿಗೆ ಸಾಕು. ಸ್ಕೋಪಸ್ ಆಯ್ದ ಜರ್ನಲ್‌ಗಳನ್ನು ಹಿಡಿಯುತ್ತದೆ, ಲೇಖಕರು ತಮ್ಮದೇ ಲೇಖನಗಳಿಗೆ ಕೊಟ್ಟ ಉಲ್ಲೇಖಗಳನ್ನು ಬಿಟ್ಟೂ ಲೆಕ್ಕ ಕೊಡುತ್ತದೆ. ಬಡ್ತಿ, ಅನುದಾನದ ಅರ್ಜಿಗೆ ಇದು ಮೇಲು.

ಪಬ್‌ಮೆಡ್‌ನಲ್ಲಿ ಎಚ್-ಇಂಡೆಕ್ಸೇ ಇಲ್ಲ. ಆದರೂ ಗೈಡ್ ಹುಡುಕುವವರಿಗೆ ನನ್ನ ಓಟು ಇದಕ್ಕೇ. ಲೇಖಕರ ಹೆಸರಿನ ಜೊತೆ ಕ್ರೋನ್ಸ್ ಅಥವಾ ಅಲ್ಸರೇಟಿವ್ ಕೊಲೈಟಿಸ್ (ಐಬಿಡಿಯ ಎರಡು ಮುಖ್ಯ ಬಗೆ) ಅಂತ ಹಾಕಿ, ಕ್ಲಿನಿಕಲ್ ಟ್ರಯಲ್ ಫಿಲ್ಟರ್ ಒತ್ತಿ. ಕೆಲಸ ಕಣ್ಣಿಗೆ ಬೀಳುತ್ತದೆ. ಈ ಕ್ಷೇತ್ರದ ಚಿಕಿತ್ಸಾ ಮಾರ್ಗಸೂಚಿಗಳಿಗೆ ಬಹಳ ಲೇಖಕರಿರುತ್ತಾರೆ. ಅಂಥ ಒಂದೇ ಲೇಖನದಿಂದ ಎಲ್ಲರ ಉಲ್ಲೇಖವೂ ಏರುತ್ತದೆ, ಅಲ್ವಾ? ಹಾಗಾಗಿ ಲೇಖಕರ ಪಟ್ಟಿಯಲ್ಲಿ ಮೊದಲ ಹೆಸರು, ಕೊನೆಯ ಹೆಸರು ಯಾರದು ಅಂತ ತಪ್ಪದೆ ನೋಡಿ.